ಅಕ್ಕಾರು ಮಾಡಿದ ಒಂದೇ ತಪ್ಪು

ಶ್ರದ್ಧಾಂಜಲಿ ಸಭೆಯ ಅಧ್ಯಕ್ಷತೆ ವಹಿಸಿದ್ದ ನಮ್ಮೂರ ಡಾಕ್ಟರು ಮಾತು ಮುಗಿಸುವ ಮೊದಲು ಒಂದು ಕ್ಷಣ ತಡೆದು, ಕೆಮ್ಮಿ, "ಮೂವತ್ತು ವರ್ಷದ ಮೇಲಿನ ಸೇವೆಯಲ್ಲಿ ಒಂದೇ ಒಂದು ತಪ್ಪು ಬಿಟ್ಟರೆ ಅವರ ಕೆಲಸದಲ್ಲಿ ಬೆರಳು ತೋರಿಸುವಂಥದ್ದು ಏನೂ ಇರಲಿಲ್ಲ. ಮನುಷ್ಯರು ಅಂದಮೇಲೆ ತಪ್ಪು ಆಗೇ ಆಗ್ತಾವು" ಎಂದರು. ಜನ ಗಂಭೀರವಾಗಿ ತಲೆಯಾಡಿಸಿದರು. ತೀರಿಕೊಂಡವರ ಬಗ್ಗೆ ಇಷ್ಟು ನಿಷ್ಪಕ್ಷಪಾತವಾಗಿ ಮಾತಾಡುವ ಅಧ್ಯಕ್ಷರು ಗೋಕಾಕ ತಾಲೂಕಿನಲ್ಲಿ ಅಪರೂಪ. ಮುಂದಿನ ಸಾಲಿನಲ್ಲಿ ಕೂತಿದ್ದ ನಾನೂ ತಲೆಯಾಡಿಸಿದೆ. ಸದರಿ ತಪ್ಪಿನ ಕರಡು ಬರೆದವನು ನಾನೇ.

ನನಗೂ ಎರಡು ನಿಮಿಷ ಕೊಟ್ಟಿದ್ದರು. ಕೋರ್ಟಿನಲ್ಲಿ ಕಾರಕೂನನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನಿಗೆ ಎರಡು ನಿಮಿಷದಲ್ಲಿ ಏನನ್ನೂ ಮುಗಿಸಿ ಅಭ್ಯಾಸವಿಲ್ಲ. ವೇದಿಕೆಯ ಮೇಲಿದ್ದವರನ್ನು ಅವರವರ ಯೋಗ್ಯತೆಯ ಕ್ರಮದಲ್ಲಿ ಸಂಬೋಧಿಸುವಷ್ಟರಲ್ಲೇ ಗಂಟೆ ಬಾರಿಸಿದರು. ಹಾಗಾಗಿ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಊರು ಅವರನ್ನು ಲ್ಯಾಬಿನ ಅಕ್ಕಾರು ಎಂದೇ ಕರೆಯುತ್ತಿತ್ತು. ಲ್ಯಾಬಿನ ಬೋರ್ಡಿನ ಮೇಲೆ ಹೆಸರೂ ಪದವಿಯೂ ಇದ್ದವು, ಅದನ್ನು ಓದಿದವರು ಮಾತ್ರ ನನಗೆ ಈವರೆಗೆ ಸಿಕ್ಕಿಲ್ಲ.

ಅವರು ಹುಕ್ಕೇರಿಯವರು. ಗೋಕಾಕದಲ್ಲಿ ನಮ್ಮ ಮನೆಯ ಎದುರು, ತರಕಾರಿ ಮಾರ್ಕೆಟ್ಟಿಗೆ ಹೋಗುವ ಓಣಿಯಲ್ಲಿ, ಒಂದೂವರೆ ಖೋಲಿಯ ರಕ್ತ ತಪಾಸಣೆಯ ಲ್ಯಾಬು ಇಟ್ಟಿದ್ದರು. ಒಂದು ಖೋಲಿಯಲ್ಲಿ ಸೂಕ್ಷ್ಮದರ್ಶಕ, ಗಾಜಿನ ಕೊಳವೆಗಳು, ಫ್ರಿಜ್ಜು. ಅರ್ಧ ಖೋಲಿಯಲ್ಲಿ ಕೂರಲು ಮರದ ಒಂದು ಉದ್ದನೆಯ ಬಾಕು. ಅದರ ಮೇಲೆ ರೋಗಿಗಳು, ಮತ್ತು ನಿವೃತ್ತಿಯ ನಂತರ ಪ್ರತಿ ಮುಂಜಾನೆ ಪೇಪರು ಓದುತ್ತ ನಾನು. ಸಣಕಲು ದೇಹ, ಇಸ್ತ್ರಿ ಮುರಿಯದ ಬಿಳಿ ಕೋಟು, ಮುಂಗೈಯ ಒಳಮಗ್ಗುಲಿಗೆ ತಿರುಗಿಸಿ ಕಟ್ಟಿದ ಗಡಿಯಾರ. ಮಾತು ಕಡಿಮೆ. ಆಡಿದರೆ ರಿಪೋರ್ಟಿನ ಹಾಗೆ: ಎಡಕ್ಕೆ ವಿಷಯ, ಬಲಕ್ಕೆ ಅಂಕಿ, ವಿಶೇಷಣ ಇಲ್ಲ.

ಜನರ ಕಣ್ಣಿನ ಕೆಳರೆಪ್ಪೆ ಎಳೆದು ನೋಡುವುದು ಅವರ ಚಟವಾಗಿತ್ತು. ಒಂದು ಮದುವೆಯಲ್ಲಿ ಅಕ್ಷತೆ ಹಾಕಲು ಸಾಲಿನಲ್ಲಿ ಹೋದವರು ಮದುಮಗಳ ರೆಪ್ಪೆ ಎಳೆದು ನೋಡಿ, ಮದುಮಗನಿಗೆ "ಮೊದಲ ಇಕಿಗೆ ಕಬ್ಬಿಣದ ಗುಳಿಗಿ ಕೊಡಸ್ರಿ, ಆಮ್ಯಾಲೆ ಹನಿಮೂನಿಗೆ ಮಹಾಬಳೇಶ್ವರ" ಎಂದು ಇಳಿದು ಬಂದಿದ್ದರು. ಬೀಗರು ವರ್ಷದ ತನಕ ಅಕ್ಕಾರ ಜೊತೆ ಮಾತಾಡಲಿಲ್ಲ. ಹುಡುಗಿಗೆ ರಕ್ತ ಕಡಿಮೆ ಇದ್ದದ್ದು ಮಾತ್ರ ಖರೆ.

ನಮ್ಮ ಊರಿನಲ್ಲಿ ಖಾಲಿ ಹೊಟ್ಟೆ ಎಂಬುದಕ್ಕೆ ಒಂದು ಸ್ಥಳೀಯ ವ್ಯಾಖ್ಯಾನವಿದೆ. ಚಹಾ ಅದರಲ್ಲಿ ಸೇರುವುದಿಲ್ಲ.

"ಏನೂ ತಿಂದಿಲ್ಲಲ್ರಿ?"

"ಏನೂ ಇಲ್ಲ ಅಕ್ಕಾರ. ಬರೇ ಚಹಾ."

"ಸಕ್ಕರಿ?"

"ಸಕ್ಕರಿ ಇಲ್ಲದ ಚಹಾ ಹೆಂಗ ಕುಡೀಬೇಕ್ರಿ?"

"ನಾಳೆ ಬರ್ರಿ."

ಸಕ್ಕರೆ ಕಾಯಿಲೆಯ ಒಬ್ಬ ದೊಡ್ಡ ವ್ಯಾಪಾರಸ್ಥರು ಮನೆಯವರ ಭಯಕ್ಕೆ, ರಿಪೋರ್ಟಿನಲ್ಲಿ ಅಂಕಿಯನ್ನು ತುಸು ಇಳಿಸಿ ಬರೆಯಲು ವಿನಂತಿಸಿಕೊಂಡರು. ಅಕ್ಕಾರು ಪೆನ್ನನ್ನೂ ರಿಪೋರ್ಟನ್ನೂ ಅವರ ಮುಂದೆ ಸರಿಸಿ, "ರಕ್ತಾ ನಿಮ್ಮದು, ನೀವ ಬರಕೋರಿ. ಸಹಿ ಅಷ್ಟ ನಾ ಮಾಡಂಗಿಲ್ಲ" ಎಂದರು. ವ್ಯಾಪಾರಸ್ಥರು ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿ, ಬೆವರಿ, ಎದ್ದು ಹೋದರು.

ಕೊಳವೆಯ ವಿಷಯದಲ್ಲಿ ಅವರದು ಒಂದು ವ್ರತವೇ ಆಗಿತ್ತು. ಸೂಜಿ ಹಾಕುವ ಮೊದಲು ಕೊಳವೆಯ ಮೇಲೆ ಹೆಸರು ಬರೆದು ರೋಗಿಯ ಕೈಗೇ ಕೊಡುತ್ತಿದ್ದರು. ರೋಗಿ ಅದನ್ನು ಗಟ್ಟಿಯಾಗಿ ಓದಬೇಕು. ಓದು ಬಾರದವರಿದ್ದರೆ ಬಾಕಿನ ಮೇಲೆ ಕೂತವರು ಓದಬೇಕು, ರೋಗಿ ಹೌದು ಅನ್ನಬೇಕು. ಹಾಗಾಗಿ ಅರ್ಧ ಊರಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ನನಗೆ ಬಾಯಿಪಾಠ. ಇಷ್ಟು ಕಟ್ಟುನಿಟ್ಟಾದ ಹಾಜರಿ ನಮ್ಮ ಕೋರ್ಟಿನಲ್ಲೂ ಇರಲಿಲ್ಲ. ಈ ಅಂಶವನ್ನು ಓದುಗರು ದಯವಿಟ್ಟು ದಾಖಲಿಸಿಕೊಳ್ಳಬೇಕು.

ಘೋಡಗೇರಿಯ ಹುಡುಗಿ ಮೊದಲ ಸಲ ಬಂದಾಗ ಐದನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಸವಿತಾ ಎಂದಿಟ್ಟುಕೊಳ್ಳೋಣ. ಅವಳ ಅವ್ವ ಕಸ್ತೂರಿ ಹೆಗಲ ಮೇಲೆ ಹೊತ್ತು ತಂದಿದ್ದಳು. ಅಪ್ಪ ಶಿವಪ್ಪ ಹಿಂದೆ ಚಪ್ಪಲಿ ಹಿಡಿದುಕೊಂಡು ಬಂದ. ಮೈ ಕೆಂಡ, ಮೈ ತುಂಬ ಕೆಂಪು ದದ್ದು, ಬಲ ಮೊಣಕಾಲು ಬಾತಿತ್ತು. ಐದಾರು ದಿನ ಹೀಗಿದ್ದು ತಾನಾಗಿಯೇ ಇಳಿಯುತ್ತಿತ್ತು. ಮೂರು ವಾರಕ್ಕೆ ಮತ್ತೆ ಬರುತ್ತಿತ್ತು. ಇಳಿಯುವ ದಿನ ಯಾವ ಔಷಧ ಹೊಟ್ಟೆಯಲ್ಲಿರುತ್ತಿತ್ತೋ ಅದಕ್ಕೆ ಕೀರ್ತಿ. ಹೀಗೆ ಟೈಫಾಯ್ಡ್ ಗುಣವಾಯಿತು, ಮಲೇರಿಯಾ ಗುಣವಾಯಿತು, ಕ್ಷಯದ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಿ ಅದೂ ಗುಣವಾಯಿತು. ಹುಡುಗಿ ಮಾತ್ರ ಗುಣವಾಗಲಿಲ್ಲ.

ರಕ್ತವನ್ನು ಸಣ್ಣ ಗಾಜಿನ ನಳಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ತಾಸಿನಲ್ಲಿ ಕೆಂಪು ಎಷ್ಟು ಕೆಳಗೆ ಇಳಿಯುತ್ತದೆ ಎಂದು ನೋಡುವ ಹಳೆಯ ಪರೀಕ್ಷೆಯೊಂದಿದೆ. ಮೈಯೊಳಗೆ ಉರಿಯೂತ ಇದ್ದರೆ ಸರಸರ ಇಳಿಯುತ್ತದೆ. ಸವಿತಾಳ ರಕ್ತ ಪ್ರತಿ ಸಲ ಬಾವಿಗೆ ಬಿಟ್ಟ ಕೊಡದ ಹಾಗೆ ಇಳಿಯುತ್ತಿತ್ತು. ರೋಗಾಣು ಹುಡುಕಿದರೆ ಒಂದೂ ಇಲ್ಲ. ಅಕ್ಕಾರು ಇದನ್ನೆಲ್ಲ ಒಂದು ನೂರು ಪುಟದ ವಹಿಯಲ್ಲಿ ಬರೆದಿಟ್ಟಿದ್ದರು. ಒಂದು ಮುಂಜಾನೆ ವಹಿ ಮುಚ್ಚಿ ನನಗೆ ಹೇಳಿದರು:

"ಶಿರಸ್ತೇದಾರ್ರ, ಇಕಿ ಮೈಯಾಗ ಬೆಂಕಿ ಐತಿ. ಹಚ್ಚಿದವರು ಯಾರೂ ಇಲ್ಲ. ತಾನ ಹತ್ತತೈತಿ. ಹುಟ್ಟಿನಾಗ ಏನೋ ಐತಿ ಇದು."

ಇದನ್ನೇ ಡಾಕ್ಟರಿಗೂ ಹೇಳಿದರು. ಡಾಕ್ಟರು ಸೌಜನ್ಯವಂತರು. "ಅಕ್ಕಾರ, ಅಂಕಿ ನೀವು ಕೊಡ್ರಿ, ಅರ್ಥ ನಾವು ಹೇಳ್ತೀವಿ" ಎಂದರು. ಆದರೂ ಅಕ್ಕಾರು ವರ್ಷಗಟ್ಟಲೆ ಬೆನ್ನು ಬಿಡದೆ ಹತ್ತಿದ ಮೇಲೆ, ಇಂಥ ಅಪರೂಪದ ಉರಿಯೂತಗಳ ಮೂಲ ಹುಡುಕುವ ದೂರದ ಶಹರದ ಒಂದು ಸಂಶೋಧನಾ ಸಂಸ್ಥೆಗೆ ಡಾಕ್ಟರು ಚೀಟಿ ಬರೆದುಕೊಟ್ಟರು. ಸವಿತಾಳ ರಕ್ತ ಹೋಯಿತು. ಬಹಳ ತಿಂಗಳಿಗೆ ಉತ್ತರ ಬಂತು: ಹುಡುಗಿಯ ವಂಶವಾಹಿಯಲ್ಲಿ ಒಂದು ಕಡೆ ಒಂದು ಅಕ್ಷರ ಬದಲಾಗಿದೆ, ಇಂಥದ್ದನ್ನು ನಾವು ಹಿಂದೆ ಕಂಡಿಲ್ಲ, ಇದರ ಮಹತ್ವ ಅನಿಶ್ಚಿತ.

ಎಷ್ಟೋ ಫೈಲುಗಳ ಮೇಲೆ 'ಮುಂದಿನ ತಾರೀಖಿಗೆ' ಎಂದು ಬರೆದ ಕೈ ನನ್ನದು. ಆ ವಾಕ್ಯ ನನ್ನ ಕರುಳಿಗೆ ಹತ್ತಿರದ್ದು. ಅಕ್ಕಾರಿಗೆ ಮಾತ್ರ ಸಿಟ್ಟು ಬಂತು. ಅದನ್ನು ಅವರು ತೋರಿಸುತ್ತಿದ್ದ ರೀತಿ ಎಂದರೆ ಈಗಾಗಲೇ ಸ್ವಚ್ಛವಿದ್ದ ಗಾಜುಗಳನ್ನು ಮತ್ತೆ ತೊಳೆಯುವುದು. ತೊಳೆದು ಮುಗಿದ ಮೇಲೆ ಪತ್ರದ ಎರಡನೆಯ ಪುಟ ಓದಿದರು. ಅನಿಶ್ಚಿತವನ್ನು ನಿಶ್ಚಿತ ಮಾಡಲು ಒಂದು ದಾರಿ ಇದೆ ಎಂದು ಅಲ್ಲಿತ್ತು.

"ರಕ್ತದಾಗಿನ ಕಣಾ ತಗೊಂಡು ಅದನ್ನ ತಿರುಗಿ ಕೂಸ ಮಾಡ್ತಾರಂತ, ಶಿರಸ್ತೇದಾರ್ರ. ಮುಂದ ಏನಾಗಬೇಕಂತ ಇನ್ನೂ ಠರಾವ ಆಗಿರದ ಕೂಸು. ಸ್ಟೆಮ್ ಸೆಲ್ ಅಂತಾರ. ಅದನ್ನ ಬೆಳಸಿ, ಉರಿ ಎಬ್ಬಸೂ ಬಿಳಿ ಕಣಾ ಮಾಡ್ತಾರ. ಹುಡುಗಿ ಮೈಯಾಗ ಆಗೂದು ಗಾಜಿನ ಬಟ್ಟಲದಾಗ ಆಗತೈತಿ. ಆಮ್ಯಾಲ ಆ ಒಂದ ಅಕ್ಷರಾ ತಿದ್ದಿ ನೋಡೂದು. ತಿದ್ದಿದ ಮ್ಯಾಲ ಉರಿ ನಿಂತ್ರ ಕಳ್ಳ ಸಿಕ್ಕಂಗ."

"ಆ ಕೂಸಿನ ಕಣಾನ ಹುಡುಗಿಗೆ ಚುಚ್ಚತಾರೇನ್ರಿ?"

"ಇಲ್ಲ. ಅದು ಔಷಧ ಅಲ್ಲ, ಸಾಕ್ಷಿ."

ಸಾಕ್ಷಿ ಎಂದ ಕೂಡಲೇ ನನಗೆ ಇಡೀ ವಿಜ್ಞಾನ ಅರ್ಥವಾಯಿತು. ಮುದಿ ಕಣವನ್ನು ಮತ್ತೆ ಕೂಸು ಮಾಡುವ ಸೌಲಭ್ಯ ನಿವೃತ್ತ ನೌಕರರಿಗೂ ಉಂಟೇ ಎಂದು ಕೇಳಿದೆ. ಅಕ್ಕಾರು ಪತ್ರ ಮಡಚಿ ಎದ್ದರು.

ಸಾಕ್ಷಿ ಎಬ್ಬಿಸಲು ತಿಂಗಳುಗಟ್ಟಲೆ ದುಡಿಯಬೇಕು. ಆದ್ದರಿಂದ ಶುರು ಮಾಡುವ ಮೊದಲು ಅಪ್ಪ-ಅವ್ವರ ರಕ್ತವನ್ನೂ ತಾಳೆ ನೋಡುವುದು ಆ ಸಂಸ್ಥೆಯ ಪದ್ಧತಿ. ಪ್ರತಿಯೊಬ್ಬರ ಮೈಯಲ್ಲೂ ವಂಶವಾಹಿಯ ಎರಡೆರಡು ಪ್ರತಿ ಇರುತ್ತವೆ, ಒಂದು ಅಪ್ಪನಿಂದ ಬಂದದ್ದು, ಇನ್ನೊಂದು ಅವ್ವನಿಂದ. ಒಂದರಲ್ಲಿ ತಪ್ಪಿದ್ದರೆ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಸವಿತಾಳ ಎರಡೂ ಪ್ರತಿಯಲ್ಲಿ ಅದೇ ತಪ್ಪು. ಅಂದಮೇಲೆ ಅಪ್ಪನಲ್ಲಿ ಒಂದು, ಅವ್ವನಲ್ಲಿ ಒಂದು ಇರಲೇಬೇಕು. ಸವಿತಾಳೊಂದಿಗೆ ಕಸ್ತೂರಿ ಮತ್ತು ಶಿವಪ್ಪ ಬಂದು, ತಮ್ಮ ತಮ್ಮ ಹೆಸರು ಗಟ್ಟಿಯಾಗಿ ಓದಿ, ರಕ್ತ ಕೊಟ್ಟು ಹೋದರು. ಆ ರಕ್ತ ಜೀವಂತವಾಗಿ ಒಂದು ದಿನದೊಳಗೆ ಮುಟ್ಟಬೇಕು, ತಂಪು ತಗಲಬಾರದು. ಅಕ್ಕಾರು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಳಗಾವಿಯ ಬಸ್ಸಿನಲ್ಲಿ ತಾವೇ ಹೋಗಿ ಕೊರಿಯರಿನವರ ಕೈಗೆ ಕೊಟ್ಟು ಬಂದರು.

ಉತ್ತರ ಈ ಸಲ ಬೇಗ ಬಂತು. ಅಪ್ಪನ ರಕ್ತ ಮಗಳಿಗೆ ಹೊಂದುವುದಿಲ್ಲ. ಅವ್ವನ ರಕ್ತವೂ ಹೊಂದುವುದಿಲ್ಲ. ಎರಡೂ ಹೊಂದದಿರುವುದರಿಂದ ಕೊಳವೆಗಳು ಅದಲುಬದಲಾಗಿರಬೇಕು. ಮಗಳ ಕೊಳವೆಯೂ ಅವಳದೇ ಎಂಬ ಭರವಸೆ ಇಲ್ಲದ್ದರಿಂದ ಪ್ರಯೋಗ ಆರಂಭಿಸಲಾಗುವುದಿಲ್ಲ.

ಅಕ್ಕಾರು ಅಂದು ಯಾವ ಗಾಜನ್ನೂ ತೊಳೆಯಲಿಲ್ಲ. ವಹಿ ತೆಗೆದು ಆ ದಿನದ ಪುಟ ಓದಿದರು. ನಂತರ, "ಶಿರಸ್ತೇದಾರ್ರ, ನಾಳೆ ಕೆಲಸ ಐತೇನು?" ಎಂದರು. ನಿವೃತ್ತನಿಗೆ ಈ ಪ್ರಶ್ನೆ ಕೇಳುವಷ್ಟು ದಯೆ ಅವರಲ್ಲಿತ್ತು.

ಮರುದಿನ ಘೋಡಗೇರಿಗೆ ಹೋದೆವು. ಶಿವಪ್ಪನ ಮನೆಯ ಅಂಗಳದಲ್ಲಿ ಮೂವರ ರಕ್ತವನ್ನೂ ಹೊಸದಾಗಿ ತೆಗೆದರು. ನಾನು ಅದಕ್ಕೊಂದು ಪಂಚನಾಮೆ ಬರೆದೆ. ಇಬ್ಬರು ಪಂಚರನ್ನು ಕರೆಸಿ, ಕಟ್ಟೆಯ ಮೇಲೆ ಪೂರ್ವಾಭಿಮುಖವಾಗಿ ಕೂತ ಸದರಿ ಕಸ್ತೂರಿಯ ಎಡಗೈಯಿಂದ, ಪಂಚರ ಸಮಕ್ಷಮ, ಹೆಸರು ಓದಿಸಿದ ಕೊಳವೆಯಲ್ಲಿ ರಕ್ತವನ್ನು ತುಂಬಿ ಮೊಹರು ಮಾಡಲಾಯಿತು ಎಂದು ಎರಡು ಪುಟ. ಕೊಲೆ ಮೊಕದ್ದಮೆಗಳಲ್ಲೂ ಇಷ್ಟು ಚೊಕ್ಕ ಪಂಚನಾಮೆ ನಾನು ಕಂಡಿರಲಿಲ್ಲ. ಶಿವಪ್ಪ ತನ್ನ ಸಹಿಯನ್ನು ಪಂಚರ ಜಾಗದಲ್ಲಿ ಮಾಡಿಬಿಟ್ಟ. ಸೂಜಿಯ ಭಯ ಎಂದುಕೊಂಡೆ.

ಮತ್ತೆ ಅದೇ ಉತ್ತರ. ಈ ಸಲ ಒಂದು ಸಾಲು ಹೆಚ್ಚು: ಮಾದರಿ ಸಂಗ್ರಹಿಸುವವರ ಕಾರ್ಯಕ್ಷಮತೆಯ ಬಗ್ಗೆ ವೈದ್ಯರು ಗಮನ ಹರಿಸಬೇಕು; ಮೂರನೆಯ ಸಲವೂ ಹೀಗೇ ಆದರೆ ಈ ಕುಟುಂಬವನ್ನು ಕೈಬಿಡಲಾಗುವುದು. ಅಷ್ಟರಲ್ಲಿ ಸವಿತಾಳಿಗೆ ಇನ್ನೂ ಹಲವು ಜ್ವರ ಬಂದುಹೋಗಿದ್ದವು. ಬಲ ಮೊಣಕಾಲು ಜ್ವರ ಇಲ್ಲದಾಗಲೂ ಪೂರ್ತಿ ಮಡಚುತ್ತಿರಲಿಲ್ಲ.

ಮೂರನೆಯ ಸಲ ಹೋದಾಗ ಅಕ್ಕಾರು ಸೂಜಿ ತೆಗೆಯುತ್ತಿದ್ದಂತೆ ಶಿವಪ್ಪನ ಮುದಿ ತಾಯಿ, ಸವಿತಾಳ ಆಯಿ, ಅಲ್ಲಿಯವರೆಗೆ ಮೂಲೆಯಲ್ಲಿ ಬೇಳೆ ಆರಿಸುತ್ತಿದ್ದಾಕೆ, ಮೊರವನ್ನು ನೆಲಕ್ಕೆ ಕುಕ್ಕಿದಳು.

"ಎಷ್ಟ ಸಲ ಚುಚ್ಚತೀಯವಾ ಅವರಿಗೆ? ಆ ರಕ್ತದಾಗ ಏನ ಸಿಗತೈತಿ? ಹಡದಾಕಿ ಮೂಡಲಗ್ಯಾಗ ಅದಾಳ."

ಶಿವಪ್ಪ ನೆಲ ನೋಡಿದ. ಕಸ್ತೂರಿ ಬಾಗಿಲ ಕಡೆ ನೋಡಿದಳು. ನಮಗೆ ತಿಳಿದ ಮಟ್ಟಿಗೆ ಒಳಗೆ ಸವಿತಾ ಮಲಗಿದ್ದಳು.

ಸಂಗತಿ ಸರಳ. ಕಸ್ತೂರಿಗೆ ಮಕ್ಕಳಾಗಲಿಲ್ಲ. ಮೂಡಲಗಿಯಲ್ಲಿ ಅವಳ ಕಾಕಾನ ಮಗಳು, ತನ್ನ ಸೋದರಮಾವನನ್ನೇ ಮದುವೆಯಾದಾಕೆ, ಮೂರನೆಯ ಹೆಣ್ಣು ಹಡೆದಳು. ಹನ್ನೆರಡನೆಯ ದಿನ ಹಿರಿಯರು ಸೇರಿ, ಕಸ್ತೂರಿಗೆ ಅಕ್ಕಿ-ಕೊಬ್ಬರಿಯ ಉಡಿ ತುಂಬಿ, ಆ ಉಡಿಯಲ್ಲೇ ಕೂಸನ್ನು ಹಾಕಿದರು. ವಿಭೂತಿ ಮುಟ್ಟಿ ಮಾತಾಯಿತು: ಇಂದಿನಿಂದ ಇದು ಕಸ್ತೂರಿಯ ಮಗಳು, ಈ ವಿಷಯ ಇಲ್ಲಿಗೆ ಮುಗಿಯಿತು. ನಮ್ಮ ಕಡೆ ಇದಕ್ಕೆ ಕಾಗದ ಮಾಡುವುದಿಲ್ಲ. ಕಾಗದ ಮಾಡಿದರೆ ಮಾತಿಗೆ ಬೆಲೆ ಏನು ಎನ್ನುತ್ತಾರೆ. ಹಾಗಾಗಿ ಅಪ್ಪ ಯಾರು ಎಂದಾಗ ಶಿವಪ್ಪ ಮುಂದೆ ಬಂದ, ಅವ್ವ ಯಾರು ಎಂದಾಗ ಕಸ್ತೂರಿ ತೋಳು ಚಾಚಿದಳು. ಸುಳ್ಳು ಹೇಳುತ್ತಿದ್ದೇವೆ ಎಂಬ ಅನುಮಾನ ಮೊದಲ ಸಲ ಇಬ್ಬರಿಗೂ ಬಂದಿರಲಿಲ್ಲ. ಎರಡನೆಯ ಸಲ ಬಂದಿತ್ತು, ಬಾಯಿ ಬಿಡುವ ಧೈರ್ಯ ಬರಲಿಲ್ಲ.

"ಅಕ್ಕಾರ, ನಿಮ್ಮ ಕಾಲ ಬೀಳ್ತೇನಿ," ಕಸ್ತೂರಿ ಅಳತೊಡಗಿದಳು. "ಬೇಕಾದ್ರ ಮೂಡಲಗಿಯವರ ರಕ್ತಾ ತಗೋರಿ. ಹುಡುಗಿಗೆ ಮಾತ್ರ ಗೊತ್ತಾಗಬಾರದ್ರಿ. ಗೊತ್ತಾದ್ರ ನಾಳಿಂದ ಆಕಿ ನನ್ನ ಯಾವ ಕಣ್ಣಿಲೆ ನೋಡ್ಯಾಳ್ರಿ?"

ಅಕ್ಕಾರು ಸೂಜಿಯನ್ನು ಪೆಟ್ಟಿಗೆಯೊಳಗೆ ಇಟ್ಟು, "ಆತು" ಎಂದರು.

ಬಸ್ ಸ್ಟಾಪಿನಲ್ಲಿ ನಿಂತಾಗ ನನಗೆ ಒಳಗೊಳಗೇ ಹಿಗ್ಗು. ಅಕ್ಕಾರ ಕೊಳವೆ ನಿರ್ದೋಷಿ ಎಂದು ಸಾಬೀತಾಗಿತ್ತು, ನನ್ನ ಪಂಚನಾಮೆ ಎತ್ತಿಹಿಡಿಯಲ್ಪಟ್ಟಿತ್ತು. "ನಡೀರಿ, ಇವತ್ತ ಪತ್ರಾ ಬರೀತೇನಿ. ಗುಪ್ತ ಅಂತ ಮ್ಯಾಲ ಬರದು ಕಳಸೂಣು" ಎಂದೆ.

"ಪತ್ರಾ ಡಾಕ್ಟರ ಮುಖಾಂತರ ಹೋಗಬೇಕ್ರಿ. ಡಾಕ್ಟರ ತಾವು ಟೈಪ್ ಮಾಡಂಗಿಲ್ಲ, ಕಂಪೌಂಡರ ಕೈಲೆ ಮಾಡಸ್ತಾರ. ಕಂಪೌಂಡರ ಎಲ್ಲಿಯ ಅಳಿಯ ಗೊತ್ತೈತೇನು?"

"ಎಲ್ಲಿ?"

"ಘೋಡಗೇರಿ."

ಗುಪ್ತ ಎಂದು ಬರೆದದ್ದು ಮರುದಿನವೇ ಸವಿತಾಳ ಓಣಿಗೆ ಮುಟ್ಟುತ್ತಿತ್ತು. ಅವರು ಗಡಿಯಾರ ನೋಡಿಕೊಂಡು ಹೇಳಿದರು: "ಕೊಳವಿ ನನ್ನ ಕೈಯಾಗ ಬದಲಾಗ್ಯಾವು ಅಂತ ಬರೀರಿ. ಎರಡೂ ಸಲ. ಈ ಸಲ ಸರಿಯಾದ್ದು ಕಳಸಾಕತ್ತೇನಿ ಅಂತ ಬರೀರಿ. ಕೊಳವಿ ಮ್ಯಾಲ ತಂದಿ, ತಾಯಿ ಅಂತ ಅಷ್ಟ ಇರಲಿ. ಸುಳ್ಳೇನೂ ಅಲ್ಲಲ್ಲ."

"ಅಕ್ಕಾರ, ಇದು ನಿಮ್ಮ ಹೊಟ್ಟೀ ಮ್ಯಾಲ ನೀವ ಹೊಡಕೊಂಡಂಗ."

"ಆ ಪಂಚನಾಮೆ ಹರದ ಒಗೀರಿ."

ಬಸ್ಸು ಬಂತು. ಆ ವಾದದಲ್ಲಿ ನಾನು ಸೋತದ್ದು ನ್ಯಾಯದ ಮೇಲಲ್ಲ, ಬಸ್ಸಿನ ಗದ್ದಲದ ಮೇಲೆ. ಆದರೆ ಸೋತೆ. ತಪ್ಪೊಪ್ಪಿಗೆಯ ಕರಡು ಬರೆದೆ. 'ನನ್ನ ಅಜಾಗರೂಕತೆಯಿಂದ ಸಂಭವಿಸಿದ ಪ್ರಮಾದಕ್ಕೆ ವಿಷಾದಿಸುತ್ತ' ಎಂಬ ಆ ವಾಕ್ಯಕ್ಕಿಂತ ನಿರ್ದುಷ್ಟವಾದ ಸುಳ್ಳನ್ನು ನನ್ನ ಇಡೀ ಸರ್ವೀಸಿನಲ್ಲಿ ನಾನು ಬರೆದಿರಲಿಲ್ಲ. ಅಕ್ಕಾರು ಓದಿ, ಒಂದು ಕಡೆ ಅಲ್ಪವಿರಾಮ ತಿದ್ದಿ, ಸಹಿ ಮಾಡಿದರು. ಪಂಚನಾಮೆ ಹರಿದೆ.

ಮೂಡಲಗಿಗೆ ಅವರು ಒಬ್ಬರೇ ಹೋದರು. ಗಂಡ ಹೆಂಡತಿ ಇಬ್ಬರೂ ತಕರಾರಿಲ್ಲದೆ ರಕ್ತ ಕೊಟ್ಟರಂತೆ. ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಒಂದೇ ಮಾತು ಕೇಳಿದಳಂತೆ: "ಹುಡುಗಿ ಉದ್ದ ಆಗ್ಯಾಳೇನ್ರಿ?"

ಮುಂದಿನದು ವಿಜ್ಞಾನದ ವಿಜಯ. ರಕ್ತ ತಾಳೆಯಾಯಿತು. ಗಂಡನಲ್ಲಿ ಒಂದು, ಹೆಂಡತಿಯಲ್ಲಿ ಒಂದು, ನಿರೀಕ್ಷಿಸಿದಂತೆಯೇ. ಪ್ರಯೋಗ ಶುರುವಾಯಿತು. ಒಂದು ವರ್ಷ ಕಳೆದು ಉತ್ತರ ಬಂತು: ಸವಿತಾಳ ಕಣಗಳು ಬಟ್ಟಲಲ್ಲಿ ಕಾರಣವೇ ಇಲ್ಲದೆ ಉರಿಯುತ್ತವೆ, ಅಕ್ಷರ ತಿದ್ದಿದ ಕಣಗಳು ಶಾಂತವಾಗಿವೆ. ಮೂಲ ಸಿಕ್ಕಿದೆ. ಅಂಥ ಉರಿಯನ್ನು ತಡೆಯುವ ಗುಳಿಗೆ ಬೇರೊಂದು ಕಾಯಿಲೆಗೆ ಈಗಾಗಲೇ ಇತ್ತು. ಶಹರದ ವೈದ್ಯರು ಅದನ್ನು ಶುರು ಮಾಡಿದರು. ಜ್ವರ ನಿಂತಿತು. ಮೊಣಕಾಲು ಮಾತ್ರ ಎಷ್ಟು ಮಡಚುತ್ತಿತ್ತೋ ಅಷ್ಟಕ್ಕೇ ನಿಂತಿತು. ಮೊದಲ ಸಲವೇ ತಾಳೆಯಾಗಿದ್ದರೆ ಅದೂ ಉಳಿಯುತ್ತಿತ್ತೇನೋ. ಹೇಳಲಾಗದು ಎಂದರು. ಅನಿಶ್ಚಿತ.

ಅಪರೂಪದ ಕಾಯಿಲೆ ಪತ್ತೆಹಚ್ಚಿದ ಗ್ರಾಮೀಣ ವೈದ್ಯರು ಎಂದು ಡಾಕ್ಟರ ಫೋಟೋ ಪೇಪರಿನಲ್ಲಿ ಬಂತು. ಅವರೇನೂ ಕೆಟ್ಟವರಲ್ಲ. ಜವಾಬ್ದಾರಿಯುಳ್ಳವರು. ಎರಡು ಸಲ ಕೊಳವೆ ಬದಲಾಯಿಸಿದವರ ಕೈಗೆ ತಮ್ಮ ರೋಗಿಗಳನ್ನು ಕಳಿಸುವುದು ಸರಿಯಲ್ಲ ಎಂದು ಅವರಿಗೆ ಅನಿಸಿತು. "ಅಕ್ಕಾರಿಗೆ ವಯಸ್ಸಾತು" ಎಂದು ಬೇರೆ ಡಾಕ್ಟರುಗಳಿಗೂ ಮೃದುವಾಗಿ ಹೇಳಿದರು. ಮೃದುವಾಗಿ ಹೇಳಿದ ಮಾತು ಊರಲ್ಲಿ ಬಹಳ ದೂರ ಹೋಗುತ್ತದೆ. ಬಾಕಿನ ಮೇಲೆ ಮೊದಲು ಆರು ಜನ, ಆಮೇಲೆ ಇಬ್ಬರು, ಕೊನೆಗೆ ನಾನು. ಅಕ್ಕಾರು ದಿನವೂ ಬಾಗಿಲು ತೆಗೆದು, ಯಾರೂ ಮುಟ್ಟದ ಕೊಳವೆಗಳನ್ನು ಎಣಿಸಿ, ಬಾಗಿಲು ಹಾಕುತ್ತಿದ್ದರು. ಖರೆ ಹೇಳಿಬಿಡ್ರಿ ಎಂದು ನಾನು ವಾರಕ್ಕೊಮ್ಮೆಯಾದರೂ ಜಗಳ ತೆಗೆಯುತ್ತಿದ್ದೆ.

"ಹುಡುಗಿ ಆರಾಮ ಐತಿಲ್ಲೋ?"

"ಐತ್ರಿ."

"ಮತ್ತೇನ?"

ಎರಡು ವರ್ಷಕ್ಕೆ ಲ್ಯಾಬು ಮುಚ್ಚಿ ಹುಕ್ಕೇರಿಗೆ ತಮ್ಮನ ಮನೆಗೆ ಹೋದರು. ಅಲ್ಲೇ ಹೋದ ತಿಂಗಳು ತೀರಿಕೊಂಡರು.

ಸಭೆ ಮುಗಿದು ನಾನು ಚಪ್ಪಲಿ ಹುಡುಕುತ್ತಿದ್ದಾಗ ಒಬ್ಬ ಹುಡುಗಿ ಬಂದು ನಿಂತಳು. ಬಲಗಾಲು ಸ್ವಲ್ಪ ಬಿಗಿ. ಸವಿತಾ. ಈಗ ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ.

"ಕಾಕಾ, ಅಕ್ಕಾರು ಏನ ತಪ್ಪ ಮಾಡಿದ್ರು?"

ನಾನು ಆಕಾಶ, ಹವಾಮಾನ, ಅವಳ ಓದು ಎಲ್ಲದರ ಬಗ್ಗೆಯೂ ಮಾತಾಡಿದೆ. ಅವಳು ಕದಲಲಿಲ್ಲ.

"ಡಾಕ್ಟರು ನನ್ನ ಮಾರಿ ನೋಡಿ ಆ ಮಾತ ಅಂದ್ರು. ನನ್ನ ರಕ್ತದ ವಿಷಯ ಹೌದಲ್ರಿ?"

"ಕೊಳವಿ ಬದಲಾಗಿದ್ವು ಅಂತವಾ. ಸಣ್ಣ ವಿಷಯ."

"ಯಾಕ ಬದಲಾಗ್ತಾವ್ರಿ? ಆಯಿ ಅಂಗಳದಾಗ ಹೇಳಿದಾಗ ನಾ ಬಾಗಲ ಹಿಂದ ನಿಂತಿದ್ನಿ."

ನಾನು ಚಪ್ಪಲಿ ಹುಡುಕುವುದನ್ನು ಬಿಟ್ಟೆ. "ಅವತ್ತ ಗೊತ್ತಾತೇನು ನಿನಗ?"

"ಅವತ್ತೆಲ್ಲಿ ಬಿಡ್ರಿ. ಒಂದನೇ ಇಯತ್ತ್ಯಾಗ ಇದ್ದಾಗ ನೀರಿನ ಪಾಳಿ ಜಗಳದಾಗ ಒಬ್ಬಾಕಿ 'ನೀ ಮೂಡಲಗಿಯಾಕಿ, ಸರಿ ಅತ್ಲಾಗ' ಅಂತ ಅಂದಿದ್ಲು. ಇಡೀ ಊರಿಗೆ ಗೊತ್ತೈತ್ರಿ ಕಾಕಾ. ಅವ್ವ ಅಳ್ತಾಳಂತ ನಾ ಬಾಯಿ ಬಿಟ್ಟಿಲ್ಲ ಅಷ್ಟ."

ಒಂದು ಹುಡುಗಿಗೆ ಗೊತ್ತಾಗಬಾರದು ಎಂದು ಒಬ್ಬ ಹೆಂಗಸು ತನ್ನ ಮೂವತ್ತು ವರ್ಷದ ಹೆಸರನ್ನು ಕೊಟ್ಟಳು, ಒಬ್ಬ ಶಿರಸ್ತೇದಾರ ತನ್ನ ಶ್ರೇಷ್ಠ ಪಂಚನಾಮೆಯನ್ನು ಹರಿದ. ಗೊತ್ತಾಗಬಾರದವಳು ಹತ್ತು ಹೆಜ್ಜೆ ದೂರದಲ್ಲಿ ಬಾಗಿಲ ಹಿಂದೆ ನಿಂತು, ತನಗೆ ಗೊತ್ತಿದೆ ಎಂದು ಇವರಿಗೆ ಗೊತ್ತಾಗಬಾರದೆಂದು ಉಸಿರು ಬಿಗಿಹಿಡಿದಿದ್ದಳು. ನಾವು ಅಂಗಳದಲ್ಲಿ ಅವಳ ಭವಿಷ್ಯದ ಬಗ್ಗೆ ಎಲ್ಲರನ್ನೂ ವಿಚಾರಿಸಿದ್ದೆವು, ಅವಳೊಬ್ಬಳನ್ನು ಬಿಟ್ಟು.

ಆಗ ನಾನು ಎಲ್ಲವನ್ನೂ ಹೇಳಿದೆ: ಬಸ್ ಸ್ಟಾಪು, ಕರಡು, ಸಹಿ, ಮುಚ್ಚಿದ ಲ್ಯಾಬು. ಅವಳು ಅಳಲಿಲ್ಲ. ಫೋನು ತೆಗೆದು ಸಂಶೋಧನಾ ಸಂಸ್ಥೆಗೆ ತಾನೇ ಪತ್ರ ಬರೆಯತೊಡಗಿದಳು. ನಾನು 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರು ಮಾಡಲು ಸೂಚಿಸಿದೆ. "ಹಂಗ ಬರದ್ರ ಯಾರೂ ಓದಂಗಿಲ್ಲ ಕಾಕಾ" ಎಂದು ಮೂರು ಸಾಲು ಬರೆದು ಕಳಿಸಿದಳು. ನಾಲ್ಕು ದಿನಕ್ಕೆ ಉತ್ತರ ಬಂತು. ಅಲ್ಲಿಯ ಕಡತದಲ್ಲಿ ರೋಗಿಗಳಿಗೆ ಸಂಖ್ಯೆ ಮಾತ್ರ ಇರುತ್ತದೆ. ರಕ್ತ ತೆಗೆದವರ ಹೆಸರು ಇಡುವುದಿಲ್ಲ. ಆದ್ದರಿಂದ ತಿದ್ದುವಂಥದ್ದು ಏನೂ ಇಲ್ಲ. ನಿಮ್ಮ ಆರೋಗ್ಯ ಚೆನ್ನಾಗಿರಲಿ.

ಅವಳು ಅದನ್ನು ನನಗೆ ಓದಿ ತೋರಿಸಿ, "ಅಲ್ಲೆ ಇಲ್ಲಂದ್ರ ಆ ತಪ್ಪ ಯಾರ ತಲ್ಯಾಗ ಐತಿ? ಅಲ್ಲಿಗೇ ಹೋಗೂಣು ನಡೀರಿ" ಎಂದಳು.

ಡಾಕ್ಟರ ದವಾಖಾನೆಯಲ್ಲಿ ಸೋಮವಾರದ ಜಾತ್ರೆ. ಒಳಗಿನ ಖೋಲಿಗೆ ಬಾಗಿಲಿಲ್ಲ, ಪರದೆ ಮಾತ್ರ. ಒಳಗೆ ಹೇಳಿದ್ದು ಹೊರಗೆ ಕೂತವರಿಗೆಲ್ಲ ಕೇಳುತ್ತದೆ. ಕಂಪೌಂಡರ್ ಪಕ್ಕದಲ್ಲೇ ಹತ್ತಿಯ ಉಂಡೆ ಸುತ್ತುತ್ತ ನಿಂತಿದ್ದ. ಸವಿತಾ ಕೂರಲಿಲ್ಲ.

"ಡಾಕ್ಟರ, ನಾ ಉಡಿಯಾಗ ಹಾಕಿದ ಮಗಳು. ಹಡದವರು ಮೂಡಲಗಿಯವರು. ಅದಕ್ಕ ರಕ್ತಾ ಹೊಂದಲಿಲ್ಲ. ಅಕ್ಕಾರು ಕೊಳವಿ ಬದಲ ಮಾಡಿರಲಿಲ್ಲ. ನಮ್ಮವ್ವನ ಸಲುವಾಗಿ ತಪ್ಪ ತಮ್ಮ ಮ್ಯಾಲ ಹಾಕ್ಕೊಂಡ್ರು."

ಡಾಕ್ಟರು ಪೆನ್ನು ಕೆಳಗಿಟ್ಟು, ನನ್ನನ್ನು ನೋಡಿ, ಮತ್ತೆ ಅವಳನ್ನು ನೋಡಿದರು.

"ಇದನ್ನ ಅವಾಗ ಹೇಳಬೇಕಿತ್ತಲ್ಲವಾ ತಂಗಿ."

"ನೀವು ಅಕ್ಕಾರನ್ನ ಕರದು ಒಂದ ಸಲ ಕೇಳಿದ್ರ್ಯಾ?"

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಈಗ ಏನ ಮಾಡಲಿ, ಹೇಳು. ಅವರ ಇಲ್ಲಲ್ಲ."

"ಏನೂ ಮಾಡಬ್ಯಾಡ್ರಿ. ಗೊತ್ತಿರಲಿ ನಿಮಗ."

ಹೊರಗೆ ಬಂದೆವು. ದಾರಿ ಬಿಟ್ಟುಕೊಟ್ಟ ಜನ ಅವಳ ಮುಖವನ್ನೇ ನೋಡುತ್ತಿದ್ದರು. ರಸ್ತೆಗೆ ಇಳಿದ ಮೇಲೆ ನನಗೆ ಕಸ್ತೂರಿಯ ನೆನಪಾಯಿತು. ಸಂಜೆಯೊಳಗೆ ಈ ಮಾತು ಘೋಡಗೇರಿ ಮುಟ್ಟುತ್ತದೆ.

"ಏನವಾ, ಅವ್ವಗ ಯಾರು ಹೇಳೂದು?"

"ಮುಂಜಾನೆ ನಾನ ಹೇಳಿ ಬಂದೇನ್ರಿ. ನನಗ ಮೊದಲಿಂದ ಗೊತ್ತೈತಿ, ಇವತ್ತ ಗೋಕಾಕಕ್ಕ ಹೋಗಿ ಎಲ್ಲಾರ ಮುಂದ ಹೇಳ್ತೇನಿ ಅಂದೆ."

"ಏನಂದ್ಲು?"

"ರೊಟ್ಟಿ ಬಡ್ಯಾಕತ್ತಿದ್ಲು. ಮಾರಿ ಮ್ಯಾಲ ಎತ್ತಲಿಲ್ಲ. 'ಉಂಡ ಹೋಗು, ಬಸ್ಸ ಇನ್ನೂ ತಡಾ ಐತಿ' ಅಂದ್ಲ್ರಿ."